ಮುಂದಿನ ನಡೆಯನ್ನು ಮುಚ್ಚಿಟ್ಟು ನೋಡಿ: ಚದುರಂಗ ನೋಡಿ ಕಲಿತವರ ಕಥೆ

"ಅಕ್ಕ, ಒಂದು ವರ್ಷದಿಂದ ದಿನಾ ಚೆಸ್ ವಿಡಿಯೊ ನೋಡ್ತೀನಿ. ಆದ್ರೂ ಆಡೋಕೆ ಕೂತ್ರೆ ಹತ್ತು ನಡೆ ಆಗೋಷ್ಟರಲ್ಲಿ ಮಂತ್ರಿ ಹೋಗಿರುತ್ತೆ. ಯಾಕೆ?"

ಮಾಗಡಿ ತಾಲ್ಲೂಕಿನ ಒಂದು ಹಳ್ಳಿಯ ಒಂಬತ್ತನೇ ಕ್ಲಾಸಿನ ಹುಡುಗ ಕೇಳಿದ ಪ್ರಶ್ನೆ ಇದು. ಅವನ ಶಾಲೆಯಲ್ಲಿ ಚೆಸ್ ಹೇಳಿಕೊಡುವವರಿಲ್ಲ. ಬೆಂಗಳೂರಿಗೆ ಕೋಚಿಂಗಿಗೆ ಹೋಗೋಣ ಅಂದರೆ ಬಸ್ ಚಾರ್ಜು, ಫೀಸು ಎರಡೂ ಮನೆಯವರ ಕೈಗೆ ಎಟುಕುವುದಲ್ಲ. ಇರುವ ಗುರು ಒಂದೇ, ಅಪ್ಪನ ಫೋನು. ಆ ಗುರು ಏನು ಹೇಳಿಕೊಡುತ್ತೆ, ಏನು ಹೇಳಿಕೊಡಲ್ಲ ಅನ್ನುವುದು ಅವನಿಗೆ ಸಣ್ಣ ವಿಷಯವಲ್ಲ. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಹುಡುಕುತ್ತಾ ಹೋದಾಗ ಉತ್ತರ ಇತಿಹಾಸದಲ್ಲಿ ಸಿಕ್ಕಿತು, ಅದೂ ಸ್ವಲ್ಪ ಮಟ್ಟಿಗೆ ನಮ್ಮ ಸೀಮೆಯ ಇತಿಹಾಸದಲ್ಲೇ.

ಮೊದಲು ಅರಳಿಕಟ್ಟೆಯಿಂದ ಶುರು ಮಾಡೋಣ. ನಮ್ಮ ಕಡೆಯ ಹಳೇ ದೇವಸ್ಥಾನದ ಜಗಲಿ, ಮಂಟಪದ ಚಪ್ಪಡಿ, ಕಟ್ಟೆಯ ಕಲ್ಲಿನ ಮೇಲೆ ಗೀಚಿದ ಗೆರೆಗಳನ್ನು ನೀವು ನೋಡಿರುತ್ತೀರಿ. ಹುಲಿ-ಕುರಿ ಆಟದ ಮನೆಗಳು ಅವು. ಇಬ್ಬರು ಆಡಿದರೆ ಆರು ಜನ ಬಗ್ಗಿ ನೋಡುತ್ತಿದ್ದರು. ನೋಡುವವರು ಬಾಯಿ ಬಿಡಬಾರದು ಅನ್ನುವುದು ನಿಯಮ. ಆ ನಿಯಮವನ್ನು ಯಾರೂ ಪಾಲಿಸುತ್ತಿರಲಿಲ್ಲ. "ಅಯ್ಯೋ, ಆ ಕುರಿ ಯಾಕಪ್ಪಾ ಇಟ್ಟೆ ಅಲ್ಲಿ" ಅಂತ ಯಾರಾದರೂ ಒಬ್ಬರು ಹಲುಬಿದರೇ ಕಟ್ಟೆಗೆ ಕಳೆ. ಚೌಕಾಬಾರ, ಅಳಿಗುಳಿಮಣೆಯಾದರೂ ಅಷ್ಟೇ. ಯಾರೂ ಪಾಠ ಹೇಳಿ ಕಲಿಸಿದ್ದಲ್ಲ. ಅಜ್ಜಿ ಆಡುವುದನ್ನು ಮೊಮ್ಮಗಳು ನೋಡಿದಳು, ಮುಂದಿನ ಬೇಸಿಗೆ ರಜೆಗೆ ತಾನೇ ಕವಡೆ ಹಿಡಿದಳು.

ಇಲ್ಲೊಂದು ಸಂಗತಿ ಗಮನಿಸಿ. ಕಟ್ಟೆಯ ಮೇಲೆ ನೋಡುವವನು ಸುಮ್ಮನೆ ನೋಡುತ್ತಿರಲಿಲ್ಲ. ಆಡುವವನು ಕಾಯಿ ಹಿಡಿದು ಯೋಚಿಸುವ ಆ ಎರಡು ನಿಮಿಷದಲ್ಲಿ ನೋಡುವವನೂ ತನ್ನೊಳಗೇ ಒಂದು ನಡೆ ನಡೆಸಿರುತ್ತಿದ್ದ. ಅದಕ್ಕೇ ಬಾಯಿ ಬಿಡುತ್ತಿದ್ದ. ಈ ಎರಡು ನಿಮಿಷ ನೆನಪಿರಲಿ, ಮುಂದೆ ಮತ್ತೆ ಬೇಕಾಗುತ್ತೆ.

ಈಗ ಚದುರಂಗಕ್ಕೆ ಬರೋಣ. ನಮ್ಮ ಚನ್ನಪಟ್ಟಣದ ಕುಶಲಕರ್ಮಿಗಳು ಬುಗುರಿ, ಗಿಲಕಿ, ರೈಲುಗಾಡಿಯ ಜೊತೆ ಚದುರಂಗದ ಕಾಯಿಗಳನ್ನೂ ಕಡೆಯುತ್ತಾರೆ. ಹಾಲೆ ಮರದ ತುಂಡು ಲೇತಿನಲ್ಲಿ ಗಿರಗಿರ ತಿರುಗುತ್ತಿರುತ್ತೆ, ಉಳಿ ಒತ್ತಿದರೆ ಸೊಂಟ ಮೂಡುತ್ತೆ, ಕುತ್ತಿಗೆ ಮೂಡುತ್ತೆ. ತಿರುಗುತ್ತಿರುವಾಗಲೇ ಅರಗಿನ ಕಡ್ಡಿ ಒತ್ತಿದರೆ ಆ ಬಿಸಿಗೆ ಬಣ್ಣ ಕರಗಿ ಹತ್ತುತ್ತೆ, ಆಮೇಲೆ ಒಣಗರಿಯಿಂದ ಉಜ್ಜಿದರೆ ಹೊಳಪು. ಕಾಲಾಳು, ಒಂಟೆ, ಮಂತ್ರಿ, ರಾಜ ಎಲ್ಲಾ ಹೀಗೆ ಬರುತ್ತವೆ. ಆನೆಯೂ ಬರುತ್ತೆ, ಯಾಕೆಂದರೆ ಈಗಿನ ಸೆಟ್ಟುಗಳಲ್ಲಿ ಆನೆ ಅಂದರೆ ಕೋಟೆ ಬುರುಜಿನ ಆಕಾರ. ಕುದುರೆ ಮಾತ್ರ ಲೇತಿಗೆ ಬಗ್ಗಲ್ಲ. ತಿರುಗುವ ಮರದಿಂದ ದುಂಡಗಿನದ್ದು ಬರುತ್ತೆ, ಮೂತಿ, ಕಿವಿ, ಜೂಲು ಬರಲ್ಲ. ಪೀಠವನ್ನು ಲೇತಿನಲ್ಲಿ ಕಡೆದರೂ ತಲೆಯನ್ನು ಬೇರೆಯಾಗಿಯೇ ಕೆತ್ತಬೇಕು. ಇಲ್ಲವಾದರೆ ದುಂಡಗಿನದ್ದನ್ನೇ ಇಟ್ಟು 'ಇದು ಕುದುರೆ' ಅಂತ ಒಪ್ಪಿಕೊಳ್ಳಬೇಕು.

ಹಲಗೆಯ ಮೇಲೂ ಕುದುರೆಯ ಸ್ವಭಾವ ಬೇರೆಯೇ. ಉಳಿದವೆಲ್ಲ ನೇರ ಅಥವಾ ಓರೆ ಗೆರೆಯಲ್ಲಿ ಹೋಗುತ್ತವೆ, ಇದೊಂದು ಮಧ್ಯದ ಕಾಯಿಗಳ ತಲೆ ಮೇಲೆ ಹಾರುತ್ತೆ. ಎರಡು ಮನೆ ನೇರ, ಒಂದು ಮನೆ ಪಕ್ಕಕ್ಕೆ. ಹಾರಿದಾಗಲೆಲ್ಲ ಬಿಳಿ ಮನೆಯಿಂದ ಕಪ್ಪಿಗೆ, ಕಪ್ಪಿನಿಂದ ಬಿಳಿಗೆ. ಒಂದೇ ಬಣ್ಣದ ಮನೆಯಿಂದ ಅದೇ ಬಣ್ಣದ ಮನೆಗೆ ಅದು ಎಂದೂ ಹೋಗಲ್ಲ. ಹಲಗೆ ಇದ್ದರೆ ಈಗಲೇ ಇಟ್ಟು ನೋಡಿ.

ಈ ಕುದುರೆಯ ಹಿಂದೆ ಬಿದ್ದವರಲ್ಲಿ ದೊಡ್ಡ ಹೆಸರು ನಮ್ಮ ಮೈಸೂರು ದೊರೆ ಮುಮ್ಮಡಿ ಕೃಷ್ಣರಾಜ ಒಡೆಯರದ್ದು. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಐದು ವರ್ಷ ಇನ್ನೂ ತುಂಬದ ಹುಡುಗನನ್ನು ಗದ್ದುಗೆಯಲ್ಲಿ ಕೂರಿಸಿದರು. ಆಗ ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದವರು ಬ್ಯಾರಿ ಕ್ಲೋಸ್. ನಮ್ಮ ರಾಮನಗರಕ್ಕೆ ಸ್ವಾತಂತ್ರ್ಯ ಬರುವ ತನಕ ಇದ್ದ 'ಕ್ಲೋಸ್‌ಪೇಟೆ' ಅನ್ನುವ ಹೆಸರು ಈ ಸಾಹೇಬರಿಂದ ಬಂದದ್ದು. (ಊರಿನ ಹೆಸರು ಬದಲಾಯಿಸುವುದು ನಮಗೆ ಹಳೇ ಚಾಳಿ. 2025ರಲ್ಲಿ ಜಿಲ್ಲೆಯ ಹೆಸರೇ ಬೆಂಗಳೂರು ದಕ್ಷಿಣ ಆಯಿತು.)

1831ರಲ್ಲಿ ಬ್ರಿಟಿಷರು ರಾಜ್ಯದ ಆಡಳಿತವನ್ನು ತಾವೇ ತೆಗೆದುಕೊಂಡರು. ಅಲ್ಲಿಂದ 1868ರಲ್ಲಿ ತೀರಿಕೊಳ್ಳುವವರೆಗೆ, 37 ವರ್ಷ, ಮುಮ್ಮಡಿಯವರು ರಾಜ್ಯವಿಲ್ಲದ ರಾಜ. ಆ ಕಾಲದಲ್ಲಿ ಅವರು ಸಾಹಿತ್ಯ, ಚಿತ್ರಕಲೆಯ ಜೊತೆಗೆ ಆಟಗಳ ಮೇಲೂ ಮನಸ್ಸಿಟ್ಟರು. ಅವರ ಹೆಸರಿನಲ್ಲಿರುವ 'ಶ್ರೀತತ್ತ್ವನಿಧಿ' ಒಂಬತ್ತು ಭಾಗದ ದೊಡ್ಡ ಗ್ರಂಥ. ಅದರ 'ಕೌತುಕನಿಧಿ' ಭಾಗದಲ್ಲಿ ಹಲಗೆ ಆಟ, ಎಲೆ ಆಟಗಳ ವಿವರ ಬರುತ್ತೆ. ಮೈಸೂರಿನ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೂ ಆಟದ ಹಲಗೆಗಳನ್ನು ಬರೆಸಿದ್ದಾರೆ.

ಅವರ ಕುದುರೆ ಪಯಣ ಇಷ್ಟು: ಖಾಲಿ ಹಲಗೆಯ ಒಂದು ಮನೆಯಲ್ಲಿ ಕುದುರೆ ಇಡಿ. 64 ಮನೆಗಳನ್ನೂ ಅದು ಮೆಟ್ಟಬೇಕು, ಒಂದನ್ನೂ ಎರಡು ಸಲ ಮೆಟ್ಟಬಾರದು. ಹುಣಸೆ ಬೀಜ ಇಟ್ಟುಕೊಂಡು ಮೆಟ್ಟಿದ ಮನೆ ಗುರುತಿಸುತ್ತಾ ಹೋಗಿ. ಐವತ್ತು ದಾಟುವ ಹೊತ್ತಿಗೆ ಬೆವರು ಬರುತ್ತೆ. ಮುಮ್ಮಡಿಯವರು ಇಷ್ಟಕ್ಕೇ ನಿಲ್ಲಲಿಲ್ಲ. ಕುದುರೆ ಹೋದ ಕ್ರಮದಲ್ಲಿ ಮನೆಗಳಿಗೆ 1ರಿಂದ 64ರವರೆಗೆ ಅಂಕಿ ಹಾಕಿದರೆ ಯಾವ ಅಡ್ಡಸಾಲು ಕೂಡಿದರೂ 260, ಯಾವ ಉದ್ದಸಾಲು ಕೂಡಿದರೂ 260 ಬರುವಂಥ ಪಯಣ ಅವರ ಹೆಸರಿನಲ್ಲಿದೆ. ಕುದುರೆ ಪಯಣದ ಇತಿಹಾಸ ಬರೆಯುವವರು ಇವತ್ತಿಗೂ ಮೈಸೂರಿನ ರಾಜರ ಹೆಸರು ಬಿಡಲ್ಲ. ಕಾರಣ ಸರಳ. ಅವರು ಬರೆದಿಟ್ಟರು.

ಕಟ್ಟೆಯ ಮೇಲಿನ ಆಟಗಳನ್ನು ಯಾರೂ ಬರೆದಿಡಲಿಲ್ಲ. ಚದುರಂಗ ನಮ್ಮಲ್ಲಿ ಹೊಸದೇನಲ್ಲ. ಕಲ್ಯಾಣ ಚಾಲುಕ್ಯರ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲೂ ಚತುರಂಗದ ವರ್ಣನೆ ಇದೆ. ಆದರೆ ಇಂಥ ಊರಿನ ಇಂಥವನು ಇಂಥ ನಡೆ ನಡೆಸಿ ಗೆದ್ದ ಅನ್ನುವ ಲೆಕ್ಕವನ್ನು ಒಂದೊಂದೇ ನಡೆಯಾಗಿ ಇಡುವ ಅಭ್ಯಾಸ ನಮ್ಮ ಊರುಗಳಲ್ಲಿ ಬೆಳೆಯಲಿಲ್ಲ. ಒಬ್ಬ ಒಳ್ಳೇ ಆಟಗಾರ ಸತ್ತರೆ ಅವನ ಆಟವೂ ಅವನ ಜೊತೆಗೇ ಮಣ್ಣು. ಎದುರಿಗೆ ಕೂತು ನೋಡಿದ ನಾಲ್ಕು ಜನಕ್ಕೆ ಎಷ್ಟು ದಕ್ಕಿತೋ ಅಷ್ಟು.

ಬರೆದಿಟ್ಟರೆ ಏನಾಗುತ್ತೆ ಅನ್ನುವುದಕ್ಕೆ ಬಂಗಾಳದ ಒಂದು ಕಥೆ ಇದೆ. ಮಹೇಶಚಂದ್ರ ಬ್ಯಾನರ್ಜಿ ಅಂತ ಒಬ್ಬರು ಹಳ್ಳಿ ಕಡೆಯವರು. ತಮ್ಮ ಸೀಮೆಯಲ್ಲಿ ಸೋಲನ್ನೇ ಕಂಡಿಲ್ಲ ಅನ್ನುವ ಸುದ್ದಿ ಕಲ್ಕತ್ತಾದ ಚೆಸ್ ಕ್ಲಬ್ಬಿಗೆ ಮುಟ್ಟಿತು. ಅಲ್ಲಿದ್ದ ಸ್ಕಾಟ್ಲೆಂಡಿನ ವಕೀಲ ಜಾನ್ ಕಾಕ್ರೇನ್ ಆ ಕಾಲದ ಹೆಸರಾಂತ ಆಟಗಾರ. 1848ರ ಸುಮಾರಿಗೆ ಶುರುವಾಗಿ ಇಬ್ಬರೂ ವರ್ಷಗಟ್ಟಲೆ ನೂರಾರು ಆಟ ಆಡಿದರು. ಕಾಕ್ರೇನ್ ಆಟಗಳನ್ನು ಬರೆದಿಟ್ಟರು, ಅವು ಇಂಗ್ಲೆಂಡಿನ ಪತ್ರಿಕೆಗಳಲ್ಲಿ ಅಚ್ಚಾದವು. ನಮ್ಮ ಹಳೇ ಪದ್ಧತಿಯಲ್ಲಿ ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಹೋಗಬೇಕು, ಎರಡು ಮನೆ ನೆಗೆಯುವುದು ಯುರೋಪಿನ ನಿಯಮ. ಅದಕ್ಕೋ ಏನೋ, ಬ್ಯಾನರ್ಜಿಯವರ ಆಟ ನಿಧಾನದ್ದು. ಕಾಲಾಳನ್ನು ಒಂದು ಮನೆ ಸರಿಸಿ, ಅದು ಬಿಟ್ಟ ಜಾಗದಲ್ಲಿ ಒಂಟೆಯನ್ನು ನಿಲ್ಲಿಸಿ ಮೂಲೆಯಿಂದ ಮೂಲೆಗೆ ಕಣ್ಣಿಡುವುದು. ಇಡೀ ಜಗತ್ತು ಇವತ್ತು 'ಇಂಡಿಯನ್ ಡಿಫೆನ್ಸ್' ಅಂತ ಕರೆಯುವ ಆಟಗಳ ಹೆಸರಿನ ಬೇರು ಇಲ್ಲಿದೆ. 1855ರಲ್ಲಿ ಅವರು ಕಾಕ್ರೇನ್ ಎದುರು ಆಡಿದ ಒಂದು ಆಟ ನಿಮ್ಮ ಫೋನಿನಲ್ಲೂ ಸಿಗುತ್ತೆ, ಹುಡುಕಿ. ನಮ್ಮ ಕನಕಪುರ ಸಂತೆಯಲ್ಲೋ, ಮಾಗಡಿ ಕೋಟೆ ಬೀದಿಯಲ್ಲೋ ಅಂಥವರು ಎಷ್ಟು ಜನ ಇದ್ದರೋ. ಅವರ ಎದುರು ಲೇಖನಿ ಹಿಡಿದ ಕಾಕ್ರೇನ್ ಇರಲಿಲ್ಲ.

ಇನ್ನು ನೋಡುವುದರ ವಿಷಯ. ಕ್ಯೂಬಾ ದೇಶದ ಹೊಸೆ ರೌಲ್ ಕಾಪಾಬ್ಲಾಂಕಾ 1921ರಲ್ಲಿ ವಿಶ್ವ ಚಾಂಪಿಯನ್ ಆದವರು. ತಾವು ಆಟ ಕಲಿತದ್ದು ಹೇಗೆ ಅಂತ ಅವರೇ ಬರೆದಿದ್ದಾರೆ. ಆಗ ಅವರಿಗೆ ನಾಲ್ಕು ವರ್ಷ. ಅಪ್ಪ ಗೆಳೆಯರೊಬ್ಬರ ಜೊತೆ ಆಡುತ್ತಿದ್ದರು, ಮಗು ಪಕ್ಕದಲ್ಲಿ ಕೂತು ನೋಡುತ್ತಿತ್ತು. ಯಾರೂ ನಿಯಮ ಹೇಳಿಕೊಟ್ಟಿರಲಿಲ್ಲ. ಮೂರನೇ ದಿನ ಅಪ್ಪ ಕುದುರೆಯನ್ನು ಬಿಳಿ ಮನೆಯಿಂದ ಇನ್ನೊಂದು ಬಿಳಿ ಮನೆಗೆ ನಡೆಸಿಬಿಟ್ಟರು. ಎದುರಾಳಿಗೆ ಗೊತ್ತಾಗಲಿಲ್ಲ, ಅಪ್ಪನೇ ಗೆದ್ದರು. ಮಗು ನಕ್ಕು, ನೀನು ಮೋಸ ಮಾಡಿದೆ ಅಂದಿತು. ಅಪ್ಪನಿಗೆ ಸಿಟ್ಟು ಬಂತು, ನಿನಗೇನು ಗೊತ್ತು ಅಂದರು. ಮಗು ಕಾಯಿ ಜೋಡಿಸಿ ತೋರಿಸಿತು. ಆಮೇಲೆ ಅಪ್ಪನನ್ನು ಸೋಲಿಸಿಯೂ ಬಿಟ್ಟಿತು.

ಈ ಕಥೆಯನ್ನು ಹುಟ್ಟಾ ಮೇಧಾವಿ ಅನ್ನುವುದಕ್ಕೆ ಉದಾಹರಣೆಯಾಗಿ ಹೇಳುತ್ತಾರೆ. ನನಗೆ ಕಾಣುವುದು ಬೇರೆ. ಆ ಮಗು ಎರಡು ದಿನ ನೋಡಿ ಕುದುರೆ ಎಲ್ಲಿಗೆ ಹೋಗುತ್ತೆ ಅನ್ನುವುದನ್ನು ಮನಸ್ಸಿನಲ್ಲಿ ಒಂದು ನಿಯಮ ಮಾಡಿಕೊಂಡಿತ್ತು. ಮೂರನೇ ದಿನ ಅಪ್ಪನ ಕೈ ಆ ನಿಯಮ ಮುರಿಯಿತು, ಮಗುವಿಗೆ ನಗು ಬಂತು. ಮೊದಲೇ ಏನನ್ನೂ ಎದುರುನೋಡದವನಿಗೆ ತಪ್ಪು ಅನ್ನುವುದೇ ಕಾಣಲ್ಲ. ಕಟ್ಟೆಯ ಆ ಎರಡು ನಿಮಿಷ ಅಂದೆನಲ್ಲ, ಅದೇ ಇದು.

ಅಮೆರಿಕದ ಪಾಲ್ ಮಾರ್ಫಿ ಕೂಡ ಮನೆಯಲ್ಲಿ ದೊಡ್ಡವರು ಆಡುವುದನ್ನು ನೋಡಿಯೇ ಕಲಿತದ್ದು ಅಂತ ಅವರ ಚಿಕ್ಕಪ್ಪನ ಮಾತು. ಮಾರ್ಫಿಯ ಒಂದು ಆಟವನ್ನು ಇಲ್ಲಿ ನಿಧಾನವಾಗಿ ನೋಡೋಣ, ಯಾಕೆಂದರೆ ಚೆಸ್ ಕಲಿಸುವ ಯಾವ ಚಾನೆಲ್ ತೆರೆದರೂ ಒಂದಲ್ಲ ಒಂದು ದಿನ ಅದು ಎದುರಾಗುತ್ತೆ. 1858, ಪ್ಯಾರಿಸ್ಸಿನ ಒಪೆರಾ ಮಂದಿರ. ಅಲ್ಲಿನ ಖಾಸಗಿ ಕೋಣೆಯೊಂದರಲ್ಲಿ 21 ವರ್ಷದ ಮಾರ್ಫಿ ಒಂದು ಕಡೆ, ಬ್ರನ್ಸ್‌ವಿಕ್ಕಿನ ಡ್ಯೂಕ್ ಮತ್ತು ಒಬ್ಬ ಕೌಂಟ್ ಇಬ್ಬರೂ ಸೇರಿ ಇನ್ನೊಂದು ಕಡೆ. (ಅದೇ ವರ್ಷ ಜುಲೈನಲ್ಲಿ ಮೈಸೂರಿನಲ್ಲಿ ಮುಮ್ಮಡಿಯವರಿಗೆ 64 ತುಂಬಿತು. ಚದುರಂಗಪ್ರಿಯ ರಾಜರಿಗೆ ಹಲಗೆಯ ಮನೆಗಳಷ್ಟೇ ವಯಸ್ಸು!)

ಮಾರ್ಫಿಗೆ ಬಿಳಿ ಕಾಯಿ. ಏಳನೇ ನಡೆಗೆ ಅವರ ಮಂತ್ರಿ ಒಂದೇ ಜಾಗದಿಂದ ಎರಡು ಕಾಲಾಳುಗಳ ಮೇಲೆ ಕಣ್ಣಿಟ್ಟಿದೆ. ಒಂದು, ಎದುರಾಳಿ ರಾಜನ ಪಕ್ಕದ ಕಾಲಾಳು. ಅದನ್ನು ಉಳಿಸಿಕೊಳ್ಳಲು ಕಪ್ಪಿನವರು ತಮ್ಮ ಮಂತ್ರಿಯನ್ನು ರಾಜನ ಮುಂದೆ ತಂದು ನಿಲ್ಲಿಸಿದರು. ಅದರಿಂದ ಅವರದ್ದೇ ಒಂಟೆಗೆ ದಾರಿ ಕಟ್ಟಾಯಿತು. ಇನ್ನೊಂದು ಕಾಲಾಳು ಕಾವಲಿಲ್ಲದೆ ನಿಂತಿದೆ. ಈಗ ಎಂಟನೇ ನಡೆ, ಸರದಿ ಮಾರ್ಫಿಯದ್ದು.

ಇಲ್ಲಿ ನಿಲ್ಲಿಸಿ. ನೀವಾದರೆ ಏನು ಮಾಡುತ್ತೀರಿ?

ಬಹಳ ಜನ ಆ ಕಾಲಾಳನ್ನು ತಿನ್ನುತ್ತಾರೆ. ಅದು ತಪ್ಪು ನಡೆಯೂ ಅಲ್ಲ. ತಿಂದರೆ ಕಪ್ಪಿನ ಮಂತ್ರಿ ಚೆಕ್ ಕೊಟ್ಟು ಎರಡು ಮಂತ್ರಿಗಳೂ ಹಲಗೆಯಿಂದ ಇಳಿಯುವಂತೆ ಮಾಡುತ್ತೆ, ಒಂದು ಕಾಲಾಳಿನ ಲಾಭದಲ್ಲಿ ಆಟ ಎಳೆದುಕೊಂಡು ಹೋಗುತ್ತೆ. ಮಾರ್ಫಿ ತಿನ್ನಲಿಲ್ಲ. ಮನೆಯಲ್ಲಿ ಕೂತಿದ್ದ ಇನ್ನೊಂದು ಕುದುರೆಯನ್ನು ಹೊರಗೆ ತಂದರು. ಮುಂದಿನ ನಡೆಗೆ ಎರಡನೇ ಒಂಟೆಯೂ ಬಂತು. ಕಪ್ಪಿನವರು ಒಂಟೆಯನ್ನು ಓಡಿಸೋಣ ಅಂತ ಕಾಲಾಳು ಮುಂದೆ ತಳ್ಳಿದರು. ಮಾರ್ಫಿ ಓಡಲಿಲ್ಲ, ಕುದುರೆಯನ್ನೇ ಕೊಟ್ಟು ಎರಡು ಕಾಲಾಳು ತಿಂದು ರಾಜನಿಗೆ ಚೆಕ್ ಕೊಟ್ಟರು. ಆಮೇಲೆ ಮಂತ್ರಿಯ ಪಕ್ಕಕ್ಕೆ ಕೋಟೆ ಕಟ್ಟಿದರು. ಆ ಒಂದೇ ನಡೆಗೆ ರಾಜನೂ ಭದ್ರ, ಆನೆಯೂ ನೇರವಾಗಿ ಯುದ್ಧದ ಸಾಲಿಗೆ. ಆ ಆನೆಯನ್ನು ಕೊಟ್ಟರು, ಅದೇ ಸಾಲಿಗೆ ಎರಡನೇ ಆನೆ ತಂದರು. ಹದಿನಾರನೇ ನಡೆಯಲ್ಲಿ ಮಂತ್ರಿಯನ್ನೇ ಬಲಿ ಕೊಟ್ಟರು. ಕಪ್ಪು ಕುದುರೆ ಮಂತ್ರಿಯನ್ನು ತಿನ್ನಲೇಬೇಕು, ತಿನ್ನಲು ಹೋದರೆ ಕಾವಲು ಬಿಡಬೇಕು. ಹದಿನೇಳನೇ ನಡೆ, ಆನೆಯಿಂದ ಶಹಮಾತ್.

ಕೊನೆಯ ಚಿತ್ರ ನೋಡಿ. ಬಿಳಿಯ ಕಡೆ ರಾಜ, ಕಾಲಾಳುಗಳನ್ನು ಬಿಟ್ಟರೆ ಉಳಿದಿರುವುದು ಒಂದು ಆನೆ, ಒಂದು ಒಂಟೆ. ಕಪ್ಪಿನ ಕಡೆ ಮಂತ್ರಿ ಇದೆ, ಆನೆ ಇದೆ, ಒಂಟೆ ಇದೆ, ಕುದುರೆ ಇದೆ. ಆದರೂ ಸೋತಿದ್ದು ಕಪ್ಪು. ಅವರ ಆ ಆನೆ, ಆ ಒಂಟೆ ಆಟದ ಉದ್ದಕ್ಕೂ ಮನೆ ಬಿಟ್ಟು ಒಂದು ಹೆಜ್ಜೆ ಕದಲಿರಲಿಲ್ಲ. ಹಟ್ಟಿಯಲ್ಲಿ ಕಟ್ಟಿಹಾಕಿದ ಎತ್ತಿನಿಂದ ಹೊಲ ಉಳಲಾದೀತೇ.

ವಿಡಿಯೊದಲ್ಲಿ ಈ ಆಟ ಹತ್ತು ನಿಮಿಷಕ್ಕೆ ಮುಗಿಯುತ್ತೆ. ಮಂತ್ರಿ ಬಲಿ ಬಂದಾಗ 'ವಾಹ್' ಅನ್ನುತ್ತೀರಿ. ಮಾರನೆಯ ದಿನ ನೆನಪಿರುವುದೂ ಮಂತ್ರಿ ಬಲಿಯೇ. ನಿಮ್ಮ ಆಟದಲ್ಲಿ ಅಂಥ ಬಲಿ ಕೊಡುವ ಸಂದರ್ಭ ವರ್ಷಕ್ಕೊಮ್ಮೆ ಬಂದರೆ ಹೆಚ್ಚು. ಎಂಟನೇ ನಡೆಯಂಥ ಸಂದರ್ಭ ಪ್ರತಿ ಆಟದಲ್ಲೂ ಬರುತ್ತೆ. ಅಲ್ಲಿ ನಿಲ್ಲಿಸಿ ಒದ್ದಾಡಿದವನಿಗೆ ಅದು ದಕ್ಕುತ್ತೆ, ಓಡಿಸಿಕೊಂಡು ಹೋದವನಿಗೆ ಇಲ್ಲ.

ಅಚ್ಚಿನ ಕಾಲದವರಿಗೆ ಈ ನಿಲುಗಡೆ ಬೇಡವೆಂದರೂ ಸಿಗುತ್ತಿತ್ತು. ಪತ್ರಿಕೆಯಲ್ಲೋ ಪುಸ್ತಕದಲ್ಲೋ ಆಟ ಅಚ್ಚಾಗಿರುತ್ತಿತ್ತು. ಒಂದು ನಡೆ ಓದಬೇಕು, ಕಾಯಿ ಸರಿಸಬೇಕು, ಮತ್ತೆ ಓದಬೇಕು. ಮುಂದಿನ ಸಾಲಿನ ಮೇಲೆ ಒಂದು ಚೀಟಿ ಇಟ್ಟು ಮುಚ್ಚಿಕೊಂಡರೆ ಮುಗಿಯಿತು, ಅದೇ ಪಾಠ. ಅಮೆರಿಕದ 'ಚೆಸ್ ರಿವ್ಯೂ' ಪತ್ರಿಕೆಯಲ್ಲಿ ಹೊರೊವಿಟ್ಜ್ ಅನ್ನುವವರು ಇದನ್ನೇ ಒಂದು ಅಂಕಣ ಮಾಡಿದ್ದರು. ಓದುಗ ನಡೆ ಮುಚ್ಚಿಟ್ಟು ಊಹಿಸಬೇಕು, ಸರಿಯಾದರೆ ಅಂಕ. 1966ರಲ್ಲಿ ಬೆಲ್‌ಗ್ರೇಡಿನಿಂದ ಶುರುವಾದ 'ಇನ್ಫಾರ್ಮೇಟರ್' ಅನ್ನುವ ಸಂಪುಟಗಳಲ್ಲಂತೂ ಕಾಯಿಯ ಹೆಸರಿಗೆ ಅಕ್ಷರವೇ ಇಲ್ಲ, ಕುದುರೆಯ ಪುಟ್ಟ ಚಿತ್ರ, ಆನೆಯ ಪುಟ್ಟ ಚಿತ್ರ. ಟಿಪ್ಪಣಿಗೂ ಮಾತಿನ ಬದಲು ಚಿಹ್ನೆಗಳು. ರಷ್ಯಾದವನೂ ಓದಬಹುದು, ಕನ್ನಡದವನೂ ಓದಬಹುದು. ಆದರೆ ಆ ಪುಸ್ತಕ ಚೆನ್ನೈ, ಮುಂಬಯಿಯ ಆಟಗಾರರ ಕೈಗೆ ಸಿಕ್ಕಷ್ಟು ಸುಲಭವಾಗಿ ನಮ್ಮ ತಾಲ್ಲೂಕು ಕೇಂದ್ರದ ಲೈಬ್ರರಿಗೆ ಬರುವುದು ಎಲ್ಲಿಂದ?

ಈಗ ವಿಶ್ವನಾಥನ್ ಆನಂದ್ ಕಥೆ. ಅವರಿಗೆ ಆಟ ಕಲಿಸಿದ್ದು ಅಮ್ಮ ಸುಶೀಲಾ. 1978ರಲ್ಲಿ ಅಪ್ಪನ ರೈಲ್ವೆ ಕೆಲಸದ ಮೇಲೆ ಕುಟುಂಬ ಫಿಲಿಪ್ಪೀನ್ಸ್‌ನ ಮನಿಲಾಕ್ಕೆ ಹೋಯಿತು. ಅದೇ ವರ್ಷ ಆ ದೇಶದ ಬಾಗಿಯೊದಲ್ಲಿ ಕಾರ್ಪೊವ್ ಮತ್ತು ಕೊರ್ಚ್‌ನೊಯ್ ವಿಶ್ವ ಚಾಂಪಿಯನ್‌ಶಿಪ್ ಆಡಿದ್ದರು, ದೇಶಕ್ಕೆಲ್ಲ ಚೆಸ್ ಹುಚ್ಚು ಹಿಡಿದಿತ್ತು. ಟೀವಿಯಲ್ಲಿ ದಿನಾ ಮಧ್ಯಾಹ್ನ ಒಂದು ಚೆಸ್ ಕಾರ್ಯಕ್ರಮ. ಆಟ ತೋರಿಸುವುದು, ಒಂದು ಒಗಟು ಕೊಡುವುದು, ಬಿಡಿಸಿ ಕಳಿಸಿದವರಿಗೆ ಪುಸ್ತಕ ಬಹುಮಾನ. ಮಧ್ಯಾಹ್ನ ಆನಂದ್ ಶಾಲೆಯಲ್ಲಿ. ಹಾಗಾಗಿ ಅಮ್ಮ ಟೀವಿ ಮುಂದೆ ಕೂತು ಆಟವನ್ನೂ ಒಗಟನ್ನೂ ಬರೆದಿಡುತ್ತಿದ್ದರು. ಸಂಜೆ ತಾಯಿ ಮಗ ಇಬ್ಬರೂ ಕೂತು ಬಿಡಿಸುತ್ತಿದ್ದರು. ಎಷ್ಟು ಸಲ ಗೆದ್ದರೆಂದರೆ ಕೊನೆಗೆ ಟೀವಿಯವರೇ ಹುಡುಗನನ್ನು ಕರೆಸಿ, ಬೇಕಾದಷ್ಟು ಪುಸ್ತಕ ತೆಗೆದುಕೋ, ಇನ್ನು ಮೇಲೆ ಉತ್ತರ ಮಾತ್ರ ಕಳಿಸಬೇಡ ಅಂದರಂತೆ.

ಈ ಕಥೆಯಲ್ಲಿ ಆನಂದ್‌ಗಿಂತ ನನಗೆ ಅವರ ಅಮ್ಮನ ಕೈಬರಹ ಮುಖ್ಯ. ಟೀವಿ ಓಡಿಹೋಗುವ ವಸ್ತು. ಅದನ್ನು ಕಾಗದಕ್ಕೆ ಇಳಿಸಿದ್ದರಿಂದ ಅದು ನಿಂತಿತು. ಸಂಜೆ ಮಗ ನೋಡಿದ್ದು ಪ್ರಶ್ನೆ ಮಾತ್ರ, ಉತ್ತರ ಎದುರಿಗೆ ಇರಲಿಲ್ಲ.

ಆನಂದ್ ದೇಶದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆಗಿದ್ದು 1988ರಲ್ಲಿ. ಕರ್ನಾಟಕಕ್ಕೆ ಮೊದಲ ಗ್ರ್ಯಾಂಡ್‌ಮಾಸ್ಟರ್ ಸಿಕ್ಕಿದ್ದು 2017ರಲ್ಲಿ, ಮೈಸೂರಿನ ಎಂ.ಎಸ್. ತೇಜ್‌ಕುಮಾರ್. ಅಷ್ಟು ಹೊತ್ತಿಗೆ ಅವರು ದೇಶದ 50ನೆಯವರು. ಮುಮ್ಮಡಿಯವರ ಊರಿನಿಂದ ಒಬ್ಬರು ಬರಲು ಇಷ್ಟು ಕಾಲ ಹಿಡಿಯಿತು. ಚೆನ್ನೈನಲ್ಲಿ 1970ರ ದಶಕದಲ್ಲೇ ಸೋವಿಯತ್ ಸಾಂಸ್ಕೃತಿಕ ಕೇಂದ್ರದಲ್ಲಿ ತಾಲ್ ಚೆಸ್ ಕ್ಲಬ್ ಇತ್ತು, ರಷ್ಯಾದ ಪುಸ್ತಕಗಳಿದ್ದವು, ಸಂಜೆಯಾದರೆ ಆಡುವ ದೊಡ್ಡವರು, ಸುತ್ತ ನಿಂತು ನೋಡುವ ಹುಡುಗರು. ಅದು ಚೆನ್ನೈನ ಅರಳಿಕಟ್ಟೆ. ಬುದ್ಧಿ ಎಲ್ಲ ಊರಿನಲ್ಲೂ ಇತ್ತು, ಕಟ್ಟೆ ಮಾತ್ರ ಕೆಲವೇ ಊರಿನಲ್ಲಿತ್ತು. ತೇಜ್‌ಕುಮಾರ್ ನಂತರ ನಮ್ಮ ರಾಜ್ಯದಿಂದ ಜಿ.ಎ. ಸ್ಟ್ಯಾನಿ, ಮೈಸೂರಿನ ಗಿರೀಶ್ ಕೌಶಿಕ್, ಬೆಂಗಳೂರಿನ ಪ್ರಣವ್ ಆನಂದ್ ಹೀಗೆ ಬಂದರು. ನಮ್ಮ ತಾಲ್ಲೂಕುಗಳ ಸರದಿ ಇನ್ನೂ ಬರಬೇಕು.

ಆ ಕಟ್ಟೆ ಫೋನಿಗೆ ಬಂದದ್ದು ಮೊನ್ನೆ ಮೊನ್ನೆ. 2010ರಲ್ಲಿ ಫ್ರಾನ್ಸಿನ ಒಬ್ಬ ಪ್ರೋಗ್ರಾಮರ್ 'ಲಿಚೆಸ್' ಶುರು ಮಾಡಿದರು. ದುಡ್ಡು ಕೇಳಲ್ಲ, ಜಾಹೀರಾತೂ ಇಲ್ಲ. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದ ಮೇಲೆ ಡೇಟಾ ಅಗ್ಗವಾಯಿತು. 2020ರ ಲಾಕ್‌ಡೌನಿನಲ್ಲಿ ಮನೆಯಲ್ಲೇ ಕೂತ ದೇಶಕ್ಕೆ ದೇಶವೇ ಚೆಸ್ ವಿಡಿಯೊ ನೋಡಿತು. ಇವತ್ತು ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಹರಾಜಿಗೆ ಕಾಯುವವರ ಕೈಯಲ್ಲಿ, ಬಿಡದಿ ಫ್ಯಾಕ್ಟರಿಗೆ ಹೋಗುವ ರೈಲಿನಲ್ಲಿ, ರೈಲೇ ಇಲ್ಲದ ಕನಕಪುರದ ಬಸ್ಸಿನಲ್ಲಿ, ಎಲ್ಲಿ ಬೇಕಾದರೂ ಮಾರ್ಫಿಯ ಆಟ ತೆರೆಯುತ್ತೆ. ಮುಮ್ಮಡಿಯವರ ಅರಮನೆಯಲ್ಲೂ ಇಷ್ಟು ಆಟಗಳ ಭಂಡಾರ ಇರಲಿಲ್ಲ.

ಆದರೆ ಕಟ್ಟೆಯ ಒಂದು ಗುಣ ಮಾತ್ರ ಬರಲಿಲ್ಲ, ಆ ಎರಡು ನಿಮಿಷ. ವಿಡಿಯೊ ಮಾಡುವವರು ಕಾಯಲ್ಲ, ಕಾದರೆ ನಾವು ಬೇರೆ ವಿಡಿಯೊಗೆ ಹೋಗುತ್ತೇವೆ ಅಂತ ಅವರಿಗೆ ಗೊತ್ತು. ಅದರ ಮೇಲೆ ಪರದೆಯ ಪಕ್ಕದಲ್ಲಿ ಒಂದು ಕಪ್ಪು-ಬಿಳಿ ಪಟ್ಟಿ. ಯಾರು ಗೆಲ್ಲುತ್ತಿದ್ದಾರೆ ಅಂತ ಕಂಪ್ಯೂಟರ್ ಲೆಕ್ಕ ಹಾಕಿ ತೋರಿಸುವ ಪಟ್ಟಿ ಅದು.

2024ರ ಡಿಸೆಂಬರ್ 12ರ ಸಂಜೆ ನೆನಪಿಸಿಕೊಳ್ಳಿ. ಸಿಂಗಪುರದಲ್ಲಿ ವಿಶ್ವ ಚಾಂಪಿಯನ್‌ಶಿಪ್ಪಿನ 14ನೇ ಆಟ. ಚೀನಾದ ಡಿಂಗ್ ಲಿರೆನ್, ನಮ್ಮ 18 ವರ್ಷದ ಡಿ. ಗುಕೇಶ್. ಇಬ್ಬರ ಬಳಿಯೂ ಒಂದೊಂದು ಆನೆ, ಒಂದೊಂದು ಒಂಟೆ. ಗುಕೇಶ್ ಬಳಿ ಒಂದು ಕಾಲಾಳು ಹೆಚ್ಚು. ಡ್ರಾ ಆಗುತ್ತೆ ಅಂತಲೇ ಎಲ್ಲರೂ ಅಂದುಕೊಂಡಿದ್ದರು. 55ನೇ ನಡೆಯಲ್ಲಿ ಡಿಂಗ್ ಆನೆಗೆ ಆನೆ ಬದಲಾಯಿಸಲು ಹೊರಟರು. ಪಟ್ಟಿ ಧೊಪ್ಪನೆ ಕುಸಿಯಿತು. ದೇಶದ ತುಂಬಾ ಫೋನ್ ಹಿಡಿದವರಿಗೆಲ್ಲ ಗುಕೇಶ್‌ಗಿಂತ ಮೊದಲೇ ಗೊತ್ತಾಯಿತು, ಡಿಂಗ್ ತಪ್ಪು ಮಾಡಿದರು ಅಂತ. ಯಾಕೆ ತಪ್ಪು ಅಂತ ಕೇಳಿದ್ದರೆ ಎಷ್ಟು ಜನ ಹೇಳುತ್ತಿದ್ದರು?

ಯಾಕೆಂದರೆ ಡಿಂಗ್ ಒಂಟೆ ಮೂಲೆಯ ಮನೆಯಲ್ಲಿ ಸಿಕ್ಕಿಕೊಂಡಿತ್ತು. ಆನೆಗಳು ಇಳಿದ ಕೂಡಲೇ ಗುಕೇಶ್ ತಮ್ಮ ಒಂಟೆಯನ್ನು ಅದೇ ಓರೆಗೆರೆಯಲ್ಲಿ ಎದುರು ತಂದು ನಿಲ್ಲಿಸಿದರು. ಮೂಲೆಯ ಒಂಟೆಗೆ ಬೇರೆ ದಾರಿಯಿಲ್ಲ, ಅದಲುಬದಲು ಆಗಲೇಬೇಕು. ಆಮೇಲೆ ಉಳಿಯುವುದು ರಾಜರು, ಕಾಲಾಳುಗಳು ಮಾತ್ರ. ಆನೆ, ಒಂಟೆ ಇರುವ ತನಕ ಒಂದು ಕಾಲಾಳಿನ ವ್ಯತ್ಯಾಸವನ್ನು ತಡೆದು ನಿಲ್ಲಿಸಬಹುದು. ಅವು ಹೋದ ಮೇಲೆ ಅದೇ ಒಂದು ಕಾಲಾಳು ಆಟ ಗೆಲ್ಲುತ್ತೆ. 58ನೇ ನಡೆಯ ನಂತರ ಡಿಂಗ್ ಸೋಲೊಪ್ಪಿಕೊಂಡರು. ಗುಕೇಶ್ ಇದನ್ನು ಪಟ್ಟಿ ನೋಡಿ ತಿಳಿದದ್ದಲ್ಲ, ಹಲಗೆ ನೋಡಿ ತಿಳಿದದ್ದು.

ಪಟ್ಟಿಯನ್ನು ನಂಬಿ ಕೂತರೆ ಎಲ್ಲಿಗೆ ಹೋಗಬಹುದು ಅನ್ನುವುದನ್ನು 2021ರ ಜೂನ್‌ನಲ್ಲಿ ನೋಡಿದೆವು. ಕೋವಿಡ್ ನೆರವಿಗೆ ನಡೆದ ಆನ್‌ಲೈನ್ ಆಟದಲ್ಲಿ ಬೆಂಗಳೂರಿನ ಉದ್ಯಮಿಯೊಬ್ಬರು ಆನಂದ್ ಅವರನ್ನೇ ಸೋಲಿಸಿದರು. ಮರುದಿನ ಕಂಪ್ಯೂಟರ್ ಸಹಾಯ ತೆಗೆದುಕೊಂಡಿದ್ದೆ ಅಂತ ತಾವೇ ಒಪ್ಪಿಕೊಂಡರು. ಅವರೊಬ್ಬರನ್ನು ಆಡಿಕೊಂಡು ಪ್ರಯೋಜನವಿಲ್ಲ. ವಿಡಿಯೊ ನೋಡುವಾಗ ನಾವು ಮಾಡುವುದೂ ಅದನ್ನೇ, ಯೋಚಿಸುವ ಮೊದಲೇ ಉತ್ತರ ನೋಡುವುದು. ವ್ಯತ್ಯಾಸ ಅಂದರೆ ಇಲ್ಲಿ ಮೋಸ ಹೋಗುವವರೂ ನಾವೇ.

ನೋಡುವುದು ಕಣ್ಣಿನ ಕೆಲಸವೇ ಅಲ್ಲ ಅನ್ನುವುದಕ್ಕೆ ಶಿವಮೊಗ್ಗದ ಕಿಶನ್ ಗಂಗೊಳ್ಳಿ ಅವರನ್ನು ನೆನೆಯಬೇಕು. ಅಂಧರ ಚೆಸ್‌ನಲ್ಲಿ ರಾಷ್ಟ್ರೀಯ ಚಾಂಪಿಯನ್ ಆದವರು. ಅಂಧರ ಹಲಗೆಯಲ್ಲಿ ಪ್ರತಿ ಮನೆಗೂ ತೂತು, ಕಾಯಿಗಳಿಗೆ ಗೂಟ, ಕಪ್ಪು ಮನೆಗಳು ತುಸು ಎತ್ತರ. ಎದುರಾಳಿ ನಡೆಯನ್ನು ಬಾಯಲ್ಲಿ ಹೇಳುತ್ತಾರೆ, ಕೇಳಿಸಿಕೊಂಡವರು ಬೆರಳಿನಿಂದ ಹಲಗೆ ಸವರುತ್ತಾರೆ. ಆಟವೆಲ್ಲ ಮನಸ್ಸಿನಲ್ಲಿ.

ಮಾಗಡಿಯ ಹುಡುಗನಿಗೆ ಕೊನೆಗೆ ಹೇಳಿದ್ದು ಇಷ್ಟೇ. ದಿನಕ್ಕೆ ಹತ್ತು ವಿಡಿಯೊ ಬಿಡು, ಒಂದು ಸಾಕು. ಹಳೇ ಆಟ ತಗೋ, ಚಿಕ್ಕದು ತಗೋ. ಗೆದ್ದವರ ಕಡೆಯಿಂದ ಹಲಗೆ ಇಟ್ಟುಕೋ. ಅವರ ಪ್ರತಿ ನಡೆಗೂ ಮೊದಲು ನಿಲ್ಲಿಸು, ನೋಟ್‌ಬುಕ್ಕಿನಲ್ಲಿ ನಿನ್ನ ನಡೆ ಬರಿ, ಯಾಕೆ ಅಂತ ನಾಲ್ಕು ಪದ ಬರಿ, ಆಮೇಲೆ ಮುಂದೆ ಬಿಡು. ತಪ್ಪಾದರೆ ಅಲ್ಲೇ ಕೂತು ಅವರು ಯಾಕೆ ಹಾಗೆ ಆಡಿದರು ಅಂತ ನೋಡು, ಕಂಪ್ಯೂಟರನ್ನು ಕೊನೆಗೆ ಕೇಳು. ನಿನ್ನ ಆಟಗಳನ್ನೂ ಬರೆದಿಡು, ಸೋತದ್ದನ್ನು ಮೊದಲು.

ಎರಡು ವಾರ ಬಿಟ್ಟು ಒಂದು ಫೋಟೊ ಕಳಿಸಿದ. ಫೋನಿನ ಬದಿಯ ಪಟ್ಟಿ ಕಾಣದ ಹಾಗೆ ಹಳೇ ಬಸ್ ಟಿಕೆಟ್ಟನ್ನು ಗಮ್ ಹಾಕಿ ಅಂಟಿಸಿದ್ದ. ಪಕ್ಕದಲ್ಲಿ ನೋಟ್‌ಬುಕ್ಕು, ಮೇಲುಗಡೆ 'ಮಾರ್ಫಿ, 1858', ಕೆಳಗೆ ಒಂದರಿಂದ ಹದಿನೇಳು. ಐದು ಕಡೆ ರೈಟ್ ಗುರುತು, ಉಳಿದವಕ್ಕೆ ಅಡ್ಡಗೆರೆ. ಫೋಟೊದ ಕೆಳಗೆ ಒಂದು ಸಾಲು: "ಎಂಟನೇ ನಡೇಲಿ ನಾನೂ ಕಾಲಾಳನ್ನೇ ತಿಂದೆ ಅಕ್ಕ."